ಮಾವಶಿಯ ಧ್ವನಿ ಹಾಜರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಧ್ವನಿ ಹಾಜರಿಯ ಐಡಿಯಾ ನನ್ನದು. ಗೆದ್ದಿದ್ದರೆ ನಮ್ಮ ಕಾಕಾ ಅದನ್ನು ತನ್ನದೆನ್ನುತ್ತಿದ್ದ. ಸೋತದ್ದರಿಂದ ಪೂರ್ತಿ ನನ್ನ ಹೆಸರಿನಲ್ಲೇ ಉಳಿದಿದೆ. ಬ್ಯಾಂಕಿನ ಮ್ಯಾನೇಜರು, ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹೆಂಗಸು, ನಮ್ಮ ಆಫೀಸಿನ ಸೇಠ್, ಯಾರ ಗಂಟಲನ್ನಾದರೂ ಐದು ನಿಮಿಷದಲ್ಲಿ ಕದ್ದು ನಕಲು ಮಾಡಬಲ್ಲ ನಾನು ಒಬ್ಬ ಹೆಂಗಸಿನ ಹಾಜರಿಯನ್ನು ಅವಳ ಗಂಟಲಿನ ಮೇಲೆ ನಂಬಿ ನಡೆಸಿದೆ. ಕಿಸೆಗಳ್ಳನೊಬ್ಬ ತನ್ನ ಪಾಕೀಟನ್ನು ಹಿಂದಿನ ಕಿಸೆಯಲ್ಲಿಟ್ಟುಕೊಂಡು ಬೆಳಗಿನ ಲೋಕಲ್ ಹತ್ತಿದ ಹಾಗೆ.

ವಡಾಲದ ಒಂದು ಸಣ್ಣ ಆಫೀಸಿನಲ್ಲಿ ನಾನು ಸಂಬಳ ಮಾಡುವವನು. ಕೊಡುವವನಲ್ಲ, ಮಾಡುವವನು. ಸುತ್ತಲಿನ ವರ್ಕ್‌ಶಾಪು, ಗೋಡೌನುಗಳು ತಮ್ಮ ಕೆಲಸಗಾರರ ಹಾಜರಿ ಕಳಿಸುತ್ತವೆ. ನಾವು ರಜೆ, ತಡ, ಓವರ್‌ಟೈಮುಗಳನ್ನು ಕೂಡಿ ಕಳೆದು ಸ್ಲಿಪ್ಪು ತೆಗೆಯುತ್ತೇವೆ. ಈ ಕೆಲಸ ಕಲಿಸುವ ಮೊದಲ ಪಾಠ, ಹಾಜರಿಯ ವಿಷಯದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ ಎಂಬುದು. ಎರಡನೆಯದು, ಹೆಬ್ಬೆಟ್ಟು ಒತ್ತುವ ಮಷೀನೂ ಹೇಳುತ್ತದೆ ಎಂಬುದು. ನಾನು ಯಾರನ್ನೂ ನಂಬುವುದಿಲ್ಲ. ಕನ್ನಡಿಯಲ್ಲಿ ನನ್ನ ಮುಖ ಕಂಡರೂ ಗುರುತಿನ ಚೀಟಿ ಕೇಳಬೇಕು ಅನಿಸುತ್ತದೆ.

ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಯಿ ಅಂದರೆ ನಮ್ಮ ವಿಜಯಪುರದ ಕಡೆ ಅಜ್ಜಿ. ಇಲ್ಲಿ ಮರಾಠಿಯಲ್ಲಿ ತಾಯಿ. ಹೀಗಾಗಿ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ನನಗೆ ಇಬ್ಬರು ತಾಯಂದಿರು ಎಂದು ತಿಳಿದವರು ಈಗಲೂ ಇದ್ದಾರೆ. ಆಪರೇಷನ್ ಆಗಿ ಮನೆಗೆ ಬಂದಳು. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ಅವ್ವ ಟೀಚರು, ಬೆಳಿಗ್ಗೆ ಶಾಲೆ, ಮಧ್ಯಾಹ್ನದಿಂದ ಟ್ಯೂಷನ್ನು. ಇನ್ನುಳಿದವನು ಅಪ್ಪನ ತಮ್ಮ, ಠಾಣೆಯ ಕಾಕಾ. ಆಯಿಯನ್ನು ತನ್ನಲ್ಲಿಗೇ ಕರೆದೊಯ್ಯಬೇಕೆಂದು ಅವನಿಗೆ ಬಹಳ ಆಸೆ. ಆದರೆ ಪಾಪ, ಅವನ ಫ್ಲ್ಯಾಟಿನಲ್ಲಿ ಟೈಲ್ಸ್ ಹಾಕುವ ಕೆಲಸ ನಡೆದಿತ್ತು. ನಾನು ಕಾಲೇಜಿನಲ್ಲಿದ್ದಾಗಿನಿಂದಲೂ ನಡೆದಿತ್ತು.

"ಅರ್ಧ ಖರ್ಚು ನಂದು," ಎಂದ ಕಾಕಾ. "ಆದ್ರ ಟ್ರಾನ್ಸ್‌ಪರೆನ್ಸಿ ಬೇಕು ನೋಡು. ಎಲ್ಲಾ ಪ್ರೊಫೆಷನಲ್ ಆಗಿ ಆಗಬೇಕು."

ಮೊದಲು, ರೋಗಿಗಳನ್ನು ನೋಡಿಕೊಳ್ಳುವವರನ್ನು ಒದಗಿಸುವ ಒಂದು ಬ್ಯೂರೋದಿಂದ ಹೆಂಗಸರು ಬಂದರು. ವಾರಕ್ಕೊಬ್ಬಳು. ಆಯಿ ಒಬ್ಬಳ ಹೆಸರು ಕಲಿಯುವಷ್ಟರಲ್ಲಿ ಇನ್ನೊಬ್ಬಳು ಬಂದು ಮೈ ತೊಳೆಯಲು ಆಯಿಯ ಸೀರೆ ಬಿಚ್ಚುತ್ತಿದ್ದಳು. ಕೊನೆಗೆ ಆಯಿ ಮೈ ಮುಟ್ಟಿಸಿಕೊಳ್ಳುವುದನ್ನೇ ಬಿಟ್ಟಳು. ಒದ್ದೆ ಬಟ್ಟೆಯಲ್ಲೇ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು, ಅವ್ವ ಬಂದು ಬದಲಿಸುವ ತನಕ. ಬೆನ್ನಿನ ಮೇಲೆ ಕೆಂಪು ಗಾಯ ಶುರುವಾಯಿತು. ಆಗ ಅವ್ವನಿಗೆ ನೆನಪಾದವಳು, ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಮುದುಕಿಯನ್ನು ನೋಡಿಕೊಳ್ಳುತ್ತಿದ್ದ ಮಾವಶಿ. ಮುಂಬಯಿಯಲ್ಲಿ ರೋಗಿಗಳ ಸೇವೆ ಮಾಡುವ ಹೆಂಗಸರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಹೆಸರು. ಇವಳ ತವರು ಕಲಬುರಗಿ ಕಡೆ, ಮನೆ ಧಾರಾವಿ, ಬಾಯಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ. ಬಂದ ದಿನವೇ ಆಯಿ ಅವಳ ಹೆಗಲು ಹಿಡಿದು ಬಚ್ಚಲಿಗೆ ನಡೆದಳು. ಅವ್ವ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತಳು. ನಾನು ಮಾವಶಿಯ ಆಧಾರ್ ಕಾರ್ಡ್ ಕೇಳಿದೆ.

ಈಗ ನಡುವೆ ಬ್ಯೂರೋ ಇರಲಿಲ್ಲ. ಕೆಲಸಕ್ಕಿಟ್ಟುಕೊಂಡವರು ನಾವೇ. ಸಂಬಳದ ವ್ಯವಸ್ಥೆ ನಾನೇ ಮಾಡಬೇಕು. ಎಂಥ ಎಂಥ ಗೋಡೌನುಗಳ ಸಂಬಳ ಮಾಡಿದವನು ನಾನು, ಒಬ್ಬ ಹೆಂಗಸಿನದು ಎಷ್ಟರದು ಎಂದುಕೊಂಡೆ.

ಖಾತೆಯ ನಂಬರ್ ಕೊಟ್ಟಳು. ಹೊಸ ಖಾತೆಗೆ ಮೊದಲು ಒಂದು ರೂಪಾಯಿ ಕಳಿಸಿ ಹೆಸರು ತಾಳೆ ನೋಡುವುದು ನಮ್ಮ ದಂಧೆಯ ಪದ್ಧತಿ. ಕಳಿಸಿದೆ. ಗಂಡಸಿನ ಹೆಸರು ಬಂತು.

"ಇದ್ಯಾರು ಮಾವಶಿ?"

"ನನ್ನ ತಮ್ಮ ಅದಾನ್ರಿ ದಾದಾ. ನಂದು ಖಾತಾ ಬಂದ್ ಬಿದ್ದದ."

ನನ್ನ ಒಳಗಿನ ನಾಯಿ ಕಿವಿ ನಿಮಿರಿಸಿತು. ಕೆಲಸ ಮಾಡುವವರ ಸಂಬಳ ಅವರ ಖಾತೆಗೇ ಹೋಗಬೇಕು. ತಮ್ಮ, ಭಾವ, ಕೆಲಸಕ್ಕೆ ಕರೆತಂದ ಮುಕಾದಮ, ಯಾರ ಖಾತೆಗೆ ಹೋದರೂ ಕೊನೆಗೆ ಜಗಳ ನಮ್ಮ ಮೇಜಿಗೇ ಬರುತ್ತದೆ. ಅವಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಪಾಸ್‌ಬುಕ್ಕಿನಲ್ಲಿ ತಂದೆಯ ಅಡ್ಡಹೆಸರು, ಆಧಾರಿನಲ್ಲಿ ಗಂಡನ ಅಡ್ಡಹೆಸರು. ಕೌಂಟರಿನವನು ಎರಡನ್ನೂ ಮೂಗಿನ ಹತ್ತಿರ ಹಿಡಿದು, ಪ್ರತಿ ಪದಕ್ಕೂ ಮೂಗಿನಿಂದಲೇ ಒಂದು ಸ್ಟಾಂಪ್ ಹೊಡೆಯುತ್ತಿರುವ ಹಾಗೆ ಹೇಳಿದ: "ಅಫಿಡವಿಟ್. ಫೋಟೊ. ಕೆ.ವೈ.ಸಿ. ಕಲ್ ಆನಾ." ನಾಳೆ ಬನ್ನಿ ಅಂತ. ಮರಳುವಾಗ ಬಸ್ ಸ್ಟಾಪಿನಲ್ಲಿ ಅವನ ಹಾಗೇ ಮಾಡಿ ತೋರಿಸಿದೆ. ಮಾವಶಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗುವಿನ ಮೇಲೂ ನನಗೆ ಅನುಮಾನ ಬಂತು. ನನ್ನನ್ನು ಒಲಿಸಿಕೊಳ್ಳುತ್ತಿದ್ದಾಳೋ ಏನೋ. ಖಾತೆ ಚಾಲೂ ಆಗುವ ತನಕ ನಾಲ್ಕು ಸಲ ಆ ಮೂಗಿನ ಮುಂದೆ ನಿಂತೆವು.

ಅನುಮಾನ ಅವಳಿಗೂ ಕಡಿಮೆ ಇರಲಿಲ್ಲ. ಪೊಲೀಸ್ ವೆರಿಫಿಕೇಶನ್ನಿಗೆ ಫೋಟೊ ಕೇಳಿದಾಗ, "ನನ್ನ ಮ್ಯಾಲ ಕೇಸ್ ಮಾಡ್ತೀರೇನ್ರಿ?" ಎಂದಳು. ಸಹಿಗೆ ನೇಮಕದ ಪತ್ರ ಮುಂದಿಟ್ಟಾಗ, "ಇದು ಬಿಡಿಸಿಕೊಳ್ಳಾಕ ಬರದ ಹಂಗ ಕಟ್ಟಿಹಾಕೂದ ಇಲ್ಲಲ್ಲ?" ಎಂದಳು.

ಆ ಪತ್ರದ ವಿಷಯ ಹೇಳಬೇಕು. ಮನೆಯಲ್ಲಿ ಒಬ್ಬರನ್ನು ಕೆಲಸಕ್ಕಿಟ್ಟುಕೊಂಡರೆ ಏನೇನು ಬರೆಯಬೇಕು ಎಂದು ನಾನು ಯೋಚಿಸಲೇ ಇಲ್ಲ. ಯೋಚಿಸುವವನಿಗೆ ಟೆಂಪ್ಲೇಟ್ ಯಾತಕ್ಕೆ? ಒಂದು ಲೇತ್ ವರ್ಕ್‌ಶಾಪಿನ ಪತ್ರ ತೆಗೆದು, ಹೆಸರು, ಸಂಬಳ, ಗುರುವಾರದ ರಜೆ, ದೀಪಾವಳಿಯ ಬೋನಸ್ಸು, ಎರಡೂ ಕಡೆಯ ನೋಟಿಸು ತುಂಬಿಸಿ ಕನ್ನಡದಲ್ಲಿ ಓದಿ ಹೇಳಿದೆ. "ಕೆಲಸದ ವೇಳೆ ಬೆಳಿಗ್ಗೆ ಎಂಟರಿಂದ ಸಂಜೆ ಏಳು. ತಿಂಗಳಲ್ಲಿ ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಕಡಿತ. ಮಷೀನು ಓಡುತ್ತಿರುವಾಗ ಕೂದಲು ಬಿಗಿಯಾಗಿ ಕಟ್ಟಿರತಕ್ಕದ್ದು."

ಮಾವಶಿ ಸುತ್ತ ನೋಡಿದಳು. "ಮಷೀನ್ ಯಾವ್ದ್ರಿ ದಾದಾ?"

ಹಾಸಿಗೆಯಿಂದ ಆಯಿ ಅಂದಳು, "ನಾನ ಅದೀನಿ. ಓಡೂದಿಲ್ಲ, ಅಂಜಬ್ಯಾಡ. ಸಹಿ ಹಾಕು."

ಕೂದಲಿನ ಸಾಲು ಹೊಡೆದುಹಾಕಿದೆ. ತಡದ ಸಾಲು ಹಾಗೇ ಬಿಟ್ಟೆ. ಅದು ನನಗೆ ಬಹಳ ನ್ಯಾಯವಾಗಿ ಕಂಡಿತ್ತು.

ಇನ್ನು ಹಾಜರಿ. ಅವ್ವ ಕತ್ತಲಿರುವಾಗಲೇ ಹೋಗುತ್ತಾಳೆ. ರಾತ್ರಿ ಪಾಳಿಯ ಹಾಜರಿಗಳು ಎಂಟಕ್ಕೆ ನನ್ನ ಮೇಜಿಗೆ ಬರುವುದರಿಂದ ನಾನು ಏಳೂವರೆಗೆ ಮನೆ ಬಿಡಬೇಕು. ಮಾವಶಿ ತನ್ನ ಕೀಲಿಯಿಂದ ಬಾಗಿಲು ತೆಗೆದುಕೊಂಡು ಬರುವ ತನಕದ ಅರ್ಧ ಗಂಟೆ ಆಯಿ ಹಾಸಿಗೆ ಬಿಟ್ಟು ಏಳಬಾರದು, ವಾಕರ್ ಮುಟ್ಟಬಾರದು. ಇನ್ನೊಮ್ಮೆ ಬಿದ್ದರೆ ಎದ್ದೇಳುವ ಆಸೆ ಬಿಡಿ ಎಂದು ಡಾಕ್ಟರ್ ಹೇಳಿದ್ದರು. ಹಾಗಾಗಿ ಎಂಟು ಅಂದರೆ ಎಂಟೇ. ಅದಕ್ಕೇ ನಾನು ಉಪಾಯ ಹೂಡಿದೆ: ಮಾವಶಿ ಬಂದ ತಕ್ಷಣ ಆಯಿಯ ಫೋನಿನಿಂದ ಮನೆಯ ವಾಟ್ಸ್ಯಾಪ್ ಗ್ರೂಪಿಗೆ ಒಂದು ಧ್ವನಿ ಸಂದೇಶ ಹಾಕಬೇಕು. ಫೋನು ಆಯಿಯದು, ಗಂಟಲು ಮಾವಶಿಯದು. ಅಂದರೆ ಮಾವಶಿ ಆಯಿಯ ಪಕ್ಕದಲ್ಲೇ ಇದ್ದಾಳೆ ಎಂಬುದಕ್ಕೆ ಡಬಲ್ ಪುರಾವೆ. ಕಾಕಾ ಗ್ರೂಪಿನಲ್ಲಿ ಹೆಬ್ಬೆರಳು ಎತ್ತಿದ.

ದಿನಾ ಎಂಟಕ್ಕೆ ಸರಿಯಾಗಿ ಬರುತ್ತಿತ್ತು: "ಆಲೆ ಹಾಂ, ಆಲೆ. ಬಂದೀನ್ರಿ." ಆಲೆ ಅಂದರೆ ಮರಾಠಿಯಲ್ಲಿ ಬಂದೆ. 'ಹಾಂ' ಎಂಬಲ್ಲಿ ಸ್ವರ ಮೇಲೇರಿ, 'ಬಂದೀನ್ರಿ'ಯಲ್ಲಿ ಮೆಟ್ಟಿಲು ಹತ್ತಿದ ದಣಿವು. ಬಿಲ್ಡಿಂಗಿಗೆ ಲಿಫ್ಟಿಲ್ಲ, ನಾವು ಎರಡನೇ ಮಾಳಿಗೆ. ಇಂಥ ಧ್ವನಿ ಕಿವಿಗೆ ಬಿದ್ದ ಮೇಲೆ ನನ್ನಂಥವನು ಸುಮ್ಮನಿರುತ್ತಾನೆಯೇ? ಆಫೀಸಿಗೆ ಹೋಗುವ ದಾರಿಯಲ್ಲಿ ರೂಢಿ ಮಾಡಿ, ಒಂದು ಭಾನುವಾರ ಸಂಜೆ ಚಹಾದ ಹೊತ್ತಿಗೆ ಮಾವಶಿಯ ಎದುರೇ ಮಾಡಿ ತೋರಿಸಿದೆ. "ಆಲೆ ಹಾಂ, ಆಲೆ. ಬಂದೀನ್ರಿ."

ಅವ್ವ ಚಹಾ ಚೆಲ್ಲಿಕೊಂಡು ನಕ್ಕಳು. ಮಾವಶಿ ನಗಲಿಲ್ಲ. "ನಾ ಹಂಗ ಅಂತೀನೇನ್ರಿ?" ಎಂದು ಆಯಿಯನ್ನು ನೋಡಿದಳು. ಆಯಿ ಗೋಡೆಗೆ ತಿರುಗಿ ಮಲಗಿಬಿಟ್ಟಳು. ಅವಳ ಹೆಗಲುಗಳು ಅಲ್ಲಾಡುತ್ತಿದ್ದವು. ಸೊಂಟ ನೋಯುತ್ತಿದೆಯೇನೋ ಎಂದು ಮುಲಾಮು ತಂದುಕೊಟ್ಟೆ. ಈ ನಕಲಿನ ವಿದ್ಯೆ ನಿನಗೆ ಎಲ್ಲಿಂದ ಬಂತು ಎಂದು ಆಫೀಸಿನವರು ಕೇಳುತ್ತಿರುತ್ತಾರೆ. ನಮ್ಮ ಮನೆತನದಲ್ಲಿ ನಾನೇ ಮೊದಲು ಎಂದು ಅಲ್ಲಿಯ ತನಕ ಹೇಳಿಕೊಂಡು ತಿರುಗುತ್ತಿದ್ದೆ.

ಎರಡನೇ ತಿಂಗಳ ಸಂಬಳ ಮಾಡುವ ಹೊತ್ತಿಗೆ ಎದುರು ಮನೆಯ ತಮಿಳು ಆಂಟಿ ಮೆಟ್ಟಿಲಲ್ಲಿ ಹಿಡಿದಳು. "ಬೇಟಾ, ತುಮ್ಹಾರೀ ಬಾಯಿ ಕಾ ಡ್ಯೂಟಿ ನೌ ಬಜೆ ಸೆ ಹೈ ಕ್ಯಾ? ರೋಜ್ ನೌ ಕೆ ಬಾದ್ ಹೀ ಆತೀ ಹೈ."

ಮಾವಶಿ ಬರುವುದು ದಿನಾ ಒಂಬತ್ತರ ನಂತರವಂತೆ! ನನ್ನ ಫೋನಿನಲ್ಲಿ ದಿನಾ ಎಂಟಕ್ಕೆ ಅವಳ ಗಂಟಲು ಕೂತಿದೆ. ಹಾಗಾದರೆ ಆಯಿಯ ವಾಟ್ಸ್ಯಾಪನ್ನು ಮಾವಶಿ ತನ್ನ ಫೋನಿಗೂ ಜೋಡಿಸಿಕೊಂಡು ಧಾರಾವಿಯಿಂದಲೇ ಮಾತಾಡುತ್ತಿದ್ದಾಳೆ. ಆಯಿಯ ಪೆನ್ಷನ್ನಿನ ಓ.ಟಿ.ಪಿ. ಬರುವುದೂ ಅದೇ ಫೋನಿಗೆ. ತಮ್ಮನ ಖಾತೆಯ ನಂಬರ್ ನೆನಪಾಯಿತು. ಬಸ್ ಸ್ಟಾಪಿನ ನಗು ನೆನಪಾಯಿತು. ಅಪರಾಧ ಪೂರ್ತಿ ನನ್ನ ಕಣ್ಣ ಮುಂದೆ ಜೋಡಿಸಿಕೊಂಡು ನಿಂತಿತು. ತಪ್ಪಿತಸ್ಥಳು ಒಪ್ಪಿಕೊಳ್ಳುವುದೊಂದೇ ಬಾಕಿ.

ಆಯಿಯ ಫೋನನ್ನು ನೆವ ಮಾಡಿ ತೆಗೆದುಕೊಂಡು ನೋಡಿದೆ. ಬೇರೆ ಯಾವ ಫೋನೂ ಜೋಡಣೆಯಾಗಿರಲಿಲ್ಲ. ಪೆನ್ಷನ್ ಹಣ ಇದ್ದಲ್ಲೇ ಇತ್ತು. ಇಷ್ಟಾದರೂ ಬಿಡುವವನೇ ನಾನು? ಕಾಕಾನಿಗೆ ಫೋನ್ ಮಾಡಿದೆ. ಅದು ನನ್ನ ಎರಡನೇ ಮೂರ್ಖತನ.

"ನಾ ಮೊದಲ ಅಂದಿದ್ದೆ," ಎಂದ ಕಾಕಾ. ಅವನು ಏನೂ ಅಂದಿರಲಿಲ್ಲ. "ಶನಿವಾರ ಬರ್ತೀನಿ. ಆಕಿನ್ನ ತಗದು ಬ್ಯೂರೋದವ್ರಿಗೆ ಹೇಳೂಣು. ಸೋಮವಾರದಿಂದ ಹೊಸಾಕಿ."

ಹೊಸಬಳು ಅಂದ ಕೂಡಲೇ ನನಗೆ ಆಯಿಯ ಬೆನ್ನಿನ ಆ ಕೆಂಪು ಗಾಯ ಕಣ್ಣಿಗೆ ಬಂತು. ಈಗಷ್ಟೇ ಮಾಯ್ದಿತ್ತು. ಮಾವಶಿಯನ್ನು ಕಳಿಸುವುದಾದರೆ ಮೊದಲು ಕಣ್ಣಾರೆ ಹಿಡಿಯಬೇಕು.

ಆ ರಾತ್ರಿ ಊಟವಾದ ಮೇಲೆ ಧ್ವನಿ ಸಂದೇಶಗಳನ್ನೆಲ್ಲ ಒಂದರ ಹಿಂದೊಂದು ಕೇಳುತ್ತ ಹೋದೆ. ಕಸುಬಿನ ಕಿವಿಗೆ ಆಗ ಒಂದು ವಿಷಯ ಹೊಳೆಯಿತು. ಎಲ್ಲದರಲ್ಲೂ 'ಹಾಂ' ಇತ್ತು. ಎಲ್ಲದರಲ್ಲೂ ಅದೇ ದಣಿವು. ನಿಜವಾದ ಮನುಷ್ಯರು ತಮ್ಮ ಅಭ್ಯಾಸವನ್ನು ಆಗಾಗ ಮರೆಯುತ್ತಾರೆ. ಒಂದು ದಿನ ಕೆಮ್ಮುತ್ತಾರೆ, ಒಂದು ದಿನ ಅವಸರದಲ್ಲಿ ಅರ್ಧಕ್ಕೇ ನುಂಗುತ್ತಾರೆ. ಮರೆಯದವನು ನಕಲು ಮಾಡುವವನೊಬ್ಬನೇ. ಇದು ಮಾವಶಿ ಅಲ್ಲ. ಇದು ಮಾವಶಿಯನ್ನು ಮಾಡುತ್ತಿರುವ ಯಾರೋ. ಒಂದು ಕ್ಷಣ ನನ್ನ ಮೇಲೇ ಅನುಮಾನಪಟ್ಟೆ, ಸುಳ್ಳಲ್ಲ.

ಮರುದಿನ ಎಂದಿನ ಹಾಗೆ ಬೂಟು ಹಾಕಿ, ಬಾಗಿಲೆಳೆದುಕೊಂಡು, ಕೆಳಗಿಳಿಯದೆ ಮೇಲಿನ ಮಾಳಿಗೆಯ ಮೆಟ್ಟಿಲಲ್ಲಿ ಕೂತೆ. ಕೆಳಗಿನಿಂದ ಹಾಲಿನವನು ಬಂದು ಹೋದ. ಬೇರೆ ಯಾರೂ ಹತ್ತಲಿಲ್ಲ. ಎಂಟಾಗುತ್ತ ಬಂದಾಗ ನಮ್ಮ ಬಾಗಿಲ ಹತ್ತಿರ ಹೋಗಿ ಕಿವಿಯಿಟ್ಟೆ. ಒಳಗೆ ಯಾರೋ ಗಂಟಲು ಸರಿಮಾಡಿಕೊಂಡರು.

"ಆಲೆ... ಥೂ. ಆಲೆ ಹಾಂ..."

ಮತ್ತೆ ದಣಿದ ಉಸಿರು ಎರಡು ಸಲ, ಬೇಕೆಂದೇ ಎಳೆದದ್ದು.

"ಆಲೆ ಹಾಂ, ಆಲೆ. ಬಂದೀನ್ರಿ."

ನನ್ನ ಕಿಸೆಯಲ್ಲಿ ಫೋನ್ ನಡುಗಿತು.

ಕೀಲಿ ತಿರುಗಿಸಿ ಒಳಗೆ ಹೋದೆ. ಹಾಸಿಗೆಯ ಮೇಲೆ ಆಯಿ ಫೋನನ್ನು ಬಾಯಿಗೆ ಹಿಡಿದುಕೊಂಡು ಕೂತಿದ್ದಳು. ಒಬ್ಬಳೇ. ನನ್ನನ್ನು ನೋಡಿ ಬೆಚ್ಚಿದಳು. ಆಮೇಲೆ, ಸಿಕ್ಕಿಬಿದ್ದ ಮೇಲೆ ಹೆದರುವುದೇಕೆ ಎನ್ನುವ ಹಾಗೆ ಫೋನು ಕೆಳಗಿಟ್ಟಳು.

"ಹೆಂಗಾತು?" ಎಂದಳು.

"ಛಲೊ ಆತು," ಎಂದೆ. "ದಿನಾ 'ಹಾಂ' ಹಾಕಬಾರದಿತ್ತು. ಅದರಿಂದ ಸಿಕ್ಕಿ."

"ಖೋಡಿ. ನಿನ್ನ ವಿದ್ಯಾ ನಿಮ್ಮ ಅವ್ವನ ಕಡಿಂದ ಬಂದಿತ್ತು ಅನ್ಕೊಂಡಿದ್ದೇನು?"

ನಗು ಬರುವಷ್ಟರಲ್ಲಿ ವಾಕರ್ ಕಂಡಿತು. ನಾನು ಹೊರಡುವಾಗ ಗೋಡೆಯ ಮೂಲೆಯಲ್ಲಿತ್ತು. ಈಗ ಹಾಸಿಗೆಯ ಪಕ್ಕ ಇತ್ತು. ಫೋನು ನಾನು ಚಾರ್ಜಿಗೆ ಹಾಕಿದ್ದು ಕಿಟಕಿಯ ಹತ್ತಿರ. ಅಂದರೆ ನನ್ನ ಹಾಜರಿಗಾಗಿ ಈ ಮುದುಕಿ ದಿನಾ ಗೋಡೆ ಹಿಡಿದು ಮೂಲೆಗೆ ಹೋಗಿ, ವಾಕರ್ ತೆಗೆದುಕೊಂಡು ಕಿಟಕಿಯ ತನಕ ನಡೆದಿದ್ದಾಳೆ. ಮನೆಯಲ್ಲಿ ಯಾರೂ ಇಲ್ಲದಾಗ. ಅವಳ ಪಕ್ಕ ಕೂತುಬಿಟ್ಟೆ.

"ಬಿದ್ದಿದ್ರ, ಆಯಿ?"

ಈ ಸಲ ಅವಳು ಯಾರ ಧ್ವನಿಯನ್ನೂ ಮಾಡಲಿಲ್ಲ. "ಆಕಿ ಹೋದ್ರ ನಾ ಮತ್ತ ಏಳೂದಿಲ್ಲೋ ತಮ್ಮಾ. ಯಾರ್ಯಾರೋ ಬಂದು ಸೀರಿ ಬಿಚ್ಚೂದು ನನ್ನ ಕೈಲೆ ಆಗೂದಿಲ್ಲ."

ಮಾವಶಿ ಬಂದಾಗ ಒಂಬತ್ತು ದಾಟಿತ್ತು. ಸೀರೆಯ ಅಂಚು ಮೊಣಕಾಲ ತನಕ ಒದ್ದೆ. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಮೊದಲು ಕೀಲಿಯನ್ನು ಮೇಜಿನ ಮೇಲಿಟ್ಟಳು. ಕೆಲಸ ಹೋಯಿತು ಎಂದು ಅವಳೇ ತೀರ್ಮಾನಿಸಿದ್ದಳು.

"ನೀವು ಸಹಿ ತಗೊಂಡ ಮರುದಿನಾನ ನಳದ ಟೈಮ್ ಬದ್ಲಾತ್ರಿ ದಾದಾ. ಮೊದ್ಲ ಐದಕ್ಕ ಬರ್ತಿತ್ತು. ಗಲ್ಲಿದಾಗ ಪೈಪ್ ಹಾಕಾಕತ್ತಾರ, ಈಗ ಎಂಟಕ್ಕ ಬರ್ತದ. ಅವಾಗ ತುಂಬಲಿಲ್ಲಂದ್ರ ದಿನಪೂರ್ತಿ ನೀರಿಲ್ಲ. ಮನ್ಯಾಗ ನಾ ಒಬ್ಬಾಕಿ, ತುಂಬಾಕ ಮತ್ಯಾರದಾರ?"

"ಹೇಳಬೇಕಿತ್ತಿಲ್ಲೋ?"

"ಕಾಗದದಾಗ ಕಡಿತ ಅಂತ ಓದಿದ್ರಿ. ಕಡಿತ ಆಗ್ಲಿ ಬಿಡು ಅನ್ಕೊಂಡೆ. ಆದ್ರ ದಿನಾ ತಡ ಆಗಾಕಿನ್ನ ಯಾರು ಇಟ್ಕೋತಾರ? ಆಯಿ ಮುಂದ ಅತ್ತೆ. ನಾ ನೋಡ್ಕೋತೀನಿ ತಗೊ ಅಂದ್ರು. ಏನ್ ನೋಡ್ಕೊಂಡ್ರು ನನಗ ಗೊತ್ತಿರಲಿಲ್ರಿ, ಅವತ್ತ ನೀವು ಚಾ ಕುಡಿಯೂ ಮುಂದ, ನಾ ಒಂದ್ ದಿನಾನೂ ಹಾಕದ ಮಾತು ಮಾಡಿ ತೋರಸೂ ತನಕ."

ಅಂದರೆ ನನ್ನ ಕಣ್ಣೆದುರೇ ಗುಟ್ಟು ಒಡೆದಿತ್ತು. ಒಡೆದವನೂ ನಾನೇ. ನಾನು ಮುಲಾಮು ಹಂಚುತ್ತಿದ್ದೆ.

ಆ ದಿನ ಆಫೀಸಿಗೆ ಹೋಗಿ ಮಾವಶಿಯ ಪತ್ರವನ್ನು ಮೊದಲಿನಿಂದ ಬರೆದೆ, ಈ ಸಲ ಟೆಂಪ್ಲೇಟ್ ಇಲ್ಲದೆ. ಬರೆಯುತ್ತ ಹೋದಾಗ ಇನ್ನೊಂದು ಗುಂಡಿಗೆ ಬಿದ್ದೆ. ಅವಳು ಬಂದ ಹೊತ್ತು ಹಿಡಿಯಲು ಇಷ್ಟೆಲ್ಲ ಬುದ್ಧಿ ಓಡಿಸಿದವನು, ಹೋದ ಹೊತ್ತು ಹಿಡಿಯಲು ಏನೂ ಮಾಡಿರಲಿಲ್ಲ. ಏಳಕ್ಕೆ ಬಿಡಬೇಕಾದವಳು ಅವ್ವನ ಟ್ಯೂಷನ್ ಮುಗಿದು ನಾವು ಬರುವ ತನಕ, ಎಂಟಾಗಲಿ ಮೇಲಾಗಲಿ, ಕೂತಿರುತ್ತಿದ್ದಳು. ಗೋಡೌನಿನವನು ಹೀಗೆ ಮಾಡಿದ್ದರೆ ನಾನು ಅವನ ಧ್ವನಿಯನ್ನು ವಾರಗಟ್ಟಲೆ ಅಣಕಿಸುತ್ತಿದ್ದೆ. ಕೆಲಸದ ವೇಳೆ ಒಂಬತ್ತೂವರೆಯಿಂದ ಎಂಟು ಎಂದು ಬರೆದೆ. ಸಂಬಳದಲ್ಲಿ ಏನೂ ಕಡಿಮೆ ಮಾಡಲಿಲ್ಲ. ತಡದ ಸಾಲು ತೆಗೆದೆ. ಧ್ವನಿ ಹಾಜರಿ ರದ್ದು.

ಉಳಿದದ್ದು ಬೆಳಗಿನ ಆ ಎರಡು ಗಂಟೆ. ಸೇಠ್ ಮುಂದೆ ಹೋಗಿ, ಹತ್ತಕ್ಕೆ ಬಂದು ರಾತ್ರಿ ಪಾಳಿಯ ಹಾಜರಿಯನ್ನು ಸಂಜೆ ಕೂತು ಮುಗಿಸುತ್ತೇನೆ ಎಂದೆ. ಸೇಠ್ ಕನ್ನಡಕದ ಮೇಲಿಂದ ನೋಡಿದರು. "ತೇರಾ ಪಗಾರ್ ಕಟೇಗಾ," ಎಂದರು. ಸಂಬಳ ಕಟ್ ಆಯಿತು. ಅವರ ಆ ಒಂದು ವಾಕ್ಯವನ್ನು ಈಗ ನಾನು ಬಹಳ ಚೆನ್ನಾಗಿ ಮಾಡುತ್ತೇನೆ.

ಶನಿವಾರ ಸಂಜೆ ಕಾಕಾ ಬಂದ. ಕೈಯಲ್ಲಿ ಬ್ಯೂರೋದ ಕಾರ್ಡು. ಮಾವಶಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಚೀಲ ಹೆಗಲಿಗೆ ಹಾಕಿಕೊಂಡೇ. ಅವ್ವ ನನ್ನನ್ನು ನೋಡಿದಳು. ಈ ಬೆಂಕಿ ಹಚ್ಚಿದವನು ನೀನೇ, ನೀನೇ ಆರಿಸು ಎಂಬ ನೋಟ. ನಡೆದದ್ದನ್ನೆಲ್ಲ ಹೇಳಿದೆ. ನಳ, ನನ್ನ ಪತ್ರ, ಸಂಜೆಯ ಲೆಕ್ಕವಿಲ್ಲದ ಹೊತ್ತು, ಕೊನೆಗೆ ಆಯಿಯ ಗಂಟಲು.

ಕಾಕಾ ನಗಲಿಲ್ಲ. "ಅದೆಲ್ಲಾ ಇರ್ಲಿ. ಎರಡು ತಿಂಗಳು ಸುಳ್ಳು ಹಾಜರಿ ಬಿದ್ದದ. ಹೌದಿಲ್ಲೋ? ಅರ್ಧ ರೊಕ್ಕ ಕೊಡಾವ ನಾನು." ಆಯಿಯ ಕಡೆ ತಿರುಗಿದ. "ಅವ್ವಾ, ನೀ ನಡಕ ಬರಬ್ಯಾಡ. ಸುಳ್ಳು ಹಾಜರಿ ಹಾಕಿದವ್ರನ್ನ ಯಾ ಕಂಪನಿನೂ ಇಟ್ಕೊಳ್ಳೂದಿಲ್ಲ. ಪ್ರೊಫೆಷನಲ್ ಅಂದ್ರ ಪ್ರೊಫೆಷನಲ್. ತಗದ್ ಹಾಕೂದ."

ಆಯಿ ವಾಕರ್ ಎಳೆದುಕೊಂಡಳು. ಮಾವಶಿ ಚೀಲ ಬಿಸಾಕಿ ಓಡಿಬಂದು ಹೆಗಲು ಕೊಟ್ಟಳು. ಆಯಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ತನ್ನದೇ ಗಂಟಲಿನಲ್ಲಿ ಅಂದಳು:

"ಸುಳ್ಳು ಹಾಜರಿ ಹಾಕಿದಾಕಿ ನಾನಪಾ. ತಗದ್ ಹಾಕು ನನ್ನ. ಠಾಣೆದಾಗ ಟೈಲ್ಸ್ ಒಣಗ್ಯಾವೇನು?"